ಸ್ವಾಗತ ಕೋರಿದ ಬ್ಯಾನರ್

ರಕ್ತನಿಧಿಯೊಂದರ ವೆಬ್‌ಸೈಟಿನ ನೆತ್ತಿಯಲ್ಲಿ ಒಂದು ಬ್ಯಾನರ್ ಇತ್ತು. ಅಧ್ಯಕ್ಷರಿಗೆ ಶಾಲು ಹೊದಿಸುವ ಫೋಟೋ, ಹೊಳೆಯುವ ಅಕ್ಷರಗಳಲ್ಲಿ 'ಹಾರ್ದಿಕ ಸ್ವಾಗತ'. ಫೋನ್ ನಂಬರು ಪುಟದ ಬುಡದಲ್ಲಿ ಸಾಸಿವೆಯಷ್ಟು ಸಣ್ಣಗೆ ಕೂತಿತ್ತು.

"ಅಣ್ಣಾ, ಸ್ವಲ್ಪ ಸರಿದುಕೋ, ನಾನೂ ಮೇಲೆ ಬರುತ್ತೇನೆ," ಎಂದಿತು ನಂಬರು.

"ಬಂದವರಿಗೆ ಮೊದಲು ಸ್ವಾಗತ ಕೋರುವುದು ನಮ್ಮ ಪದ್ಧತಿ. ನಿನ್ನ ಕೆಲಸ ಆಮೇಲೆ," ಎಂದು ಬ್ಯಾನರ್ ಗದರಿತು.

ಅಷ್ಟರಲ್ಲಿ ಹುಲಿಗೆಮ್ಮ ಎಂಬ ಹೆಂಗಸು ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಆ ಪುಟ ತೆರೆದಳು. ಅವಳ ತಂಗಿಗೆ ತುರ್ತಾಗಿ ರಕ್ತ ಬೇಕಿತ್ತು. ಬ್ಯಾನರ್ ಪರದೆಯ ತುಂಬ ಹರಡಿಕೊಂಡು ಸ್ವಾಗತ ಕೋರಿತು. ಅವಳು ಬೆರಳಿನಿಂದ ಸರಿಸಿದಳು, ಇನ್ನೊಂದು ಶಾಲು ಬಂತು. ಮತ್ತೆ ಸರಿಸಿದಳು, ಹಾರ ಬಂತು.

"ಹಾರ ತುರಾಯಿ ಯಾರಿಗೆ ಬೇಕಾಗೇತಿ? ನಂಬರ್ ಎಲ್ಲೈತಿ ಯಪ್ಪಾ?" ಎಂದು ಅಳುತ್ತ ಅವಳು ಪುಟ ಮುಚ್ಚಿ ಬೇರೆ ಕಡೆ ಹುಡುಕಲು ಹೋದಳು.

"ನಾನು ಇಲ್ಲೇ ಇದ್ದೆ," ಎಂದಿತು ನಂಬರು, ಮೆಲ್ಲಗೆ.

ಬ್ಯಾನರಿಗೆ ನಾಚಿಕೆಯಿಂದ ಎಲ್ಲಾದರೂ ಅಡಗಿಕೊಳ್ಳೋಣ ಎನಿಸಿತು. ಆದರೆ ಮೂರು ಸೆಕೆಂಡಿಗೊಮ್ಮೆ ಹೊಳೆಯಬೇಕೆಂದೇ ಅದನ್ನು ಮಾಡಿದ್ದರು. ಯಾರೂ ಇಲ್ಲದ ಪುಟದಲ್ಲಿ, ಅವಮಾನದಿಂದ ಬೇಯುತ್ತಲೇ, ಅದು ಮತ್ತೆ 'ಹಾರ್ದಿಕ ಸ್ವಾಗತ' ಎಂದಿತು.