ಥಡ್ ಎಂಬ ಪದದ ಮೂಲ

ಹೊಳೆಯ ದಂಡೆಯಲ್ಲೊಂದು ಆಶ್ರಮ. ಯಾವ ಹೊಳೆ ಎಂದು ಕೇಳಬೇಡಿ, ಕೇಳಿದವರಿಗೆಲ್ಲ ನಾನು ಒಂದೊಂದು ಹೊಳೆಯ ಹೆಸರು ಹೇಳಿಬಿಟ್ಟಿದ್ದೇನೆ.

ಅಲ್ಲಿ ಒಬ್ಬ ಗುರುಗಳು. ವಯಸ್ಸಾಗಿ ಕಣ್ಣು ಪೂರ್ತಿ ಹೋಗಿತ್ತು. ಶಿಷ್ಯ ಮಾರ್ತಾಂಡನಿಗೆ ನಲವತ್ತು ದಾಟಿತ್ತು. ಸದ್ದನ್ನು ಅನುಕರಿಸಿ ಹುಟ್ಟಿದ ಇಂಗ್ಲಿಷ್ ಪದಗಳಿಗೆಲ್ಲ ಕನ್ನಡದಲ್ಲಿ ಅರ್ಥ, ಮೂಲ ಹೇಳುವ ನಿಘಂಟೊಂದನ್ನು ಅವನು ಬರೆಯುತ್ತಿದ್ದ. ಬ್ಯಾಂಗ್ ಆಯಿತು, ಬಝ್ ಆಯಿತು, ಹಿಸ್ ಆಯಿತು. ‘ಥಡ್’ ಬಂದಾಗ ಲೇಖನಿ ನಿಂತಿತು.

ದೊಡ್ಡ ಪುಸ್ತಕಗಳು ಹೇಳುತ್ತಿದ್ದುದು ಇಷ್ಟೆ: ಭಾರವಾದದ್ದು ಬಿದ್ದಾಗಿನ ಮಂದ ಸದ್ದು, ಆ ಸದ್ದಿನಿಂದಲೇ ಹುಟ್ಟಿದ ಪದ ಇರಬೇಕು. ಹಾಗಾದರೆ ಅದು ನಮ್ಮ ದೊಪ್ಪನೆಯೋ, ದಬ್ಬನೆಯೋ? ಮೂರು ದಿನ ಯೋಚಿಸಿ ಮಾರ್ತಾಂಡ ಗುರುಗಳ ಬಳಿ ಹೋದ.

“ಇದರ ಮೂಲ ಎಲ್ಲಿದೆ, ಗುರುಗಳೇ?”

“ಹೊಳೆಯಲ್ಲಿ, ಬಟ್ಟೆ ಒಗೆಯುವ ಬಂಡೆಯ ಹತ್ತಿರ. ಹೋಗಿ ಕೂತು ಕೇಳು.”

ಹೋಗಿ ಮಧ್ಯಾಹ್ನದವರೆಗೆ ಕೂತ. ಬಂಡೆಯ ಮೇಲೆ ಪಾಚಿ ಕಟ್ಟಿತ್ತು. ಒಂದು ಕಾಗೆ ಬಂದು ಸ್ನಾನ ಮುಗಿಸಿಕೊಂಡು ಹೋಯಿತು. ಬೇರೇನೂ ನಡೆಯಲಿಲ್ಲ.

“ಅಲ್ಲಿ ಸದ್ದೇ ಇಲ್ಲ,” ಎಂದ ವಾಪಸು ಬಂದು.

“ಇತ್ತಲ್ಲ. ಏನಾಯಿತು?”

ಏನಾಯಿತೆಂದು ಮಾರ್ತಾಂಡನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ.

ಹೋದ ವರ್ಷ, ಅವನಿನ್ನೂ ‘ಬಿ’ ಅಕ್ಷರದಲ್ಲಿದ್ದಾಗ, ಮಡಿವಾಳರ ಕೆಂಚಜ್ಜ ಬೆಳಗಾದರೆ ಆ ಬಂಡೆಯ ಮೇಲೆ ಬಟ್ಟೆ ಬಡಿಯುತ್ತಿದ್ದ. ಈ ಗಲಾಟೆಯಲ್ಲಿ ಸದ್ದುಗಳ ಬಗ್ಗೆ ಬರೆಯುವುದು ಹೇಗೆ ಎಂದು ಮಾರ್ತಾಂಡ ಹೋಗಿ, ಬಹಳ ಮರ್ಯಾದೆಯಿಂದಲೇ, ಬೇರೆ ಕಡೆ ನೋಡಿಕೊಳ್ಳಜ್ಜ ಎಂದಿದ್ದ. ಅಜ್ಜ ವಾದಿಸಲಿಲ್ಲ. ಬರವಣಿಗೆ ದೊಡ್ಡದು ಬುದ್ಧಿ, ಬಂಡೆ ಎಲ್ಲಾದರೂ ಸಿಗುತ್ತದೆ ಎಂದವನೇ ಒದ್ದೆ ಗಂಟನ್ನು ಕತ್ತೆಯ ಮೇಲೆ ಹೇರಿಕೊಂಡು ಹೊರಟುಹೋಗಿದ್ದ. ಅವತ್ತು ಸಂಜೆಯೊಳಗೆ ಮಾರ್ತಾಂಡ ಹನ್ನೊಂದು ಪದ ಮುಗಿಸಿದ್ದ.

“ನೀವು ಆಗ ನನ್ನನ್ನು ತಡೆಯಲಿಲ್ಲವಲ್ಲ, ಗುರುಗಳೇ.”

“ನನ್ನನ್ನು ಕೇಳಿ ಹೋದೆಯಾ? ಮಾರನೆಯ ಬೆಳಗ್ಗೆ ಹೊಳೆಗೆ ಹೊರಟೆ. ಹೊಳೆ ಸಿಗಲಿಲ್ಲ.”

ಗುರುಗಳು ಹೊಳೆಸ್ನಾನ ಬಿಟ್ಟು ಬಾವಿಕಟ್ಟೆಗೆ ಬಂದು ವರ್ಷವಾಗಿತ್ತು. ದಿನವೂ ನೀರು ಸೇದಿ ಕೊಡುತ್ತಿದ್ದವನು ಮಾರ್ತಾಂಡನೇ. ವಯಸ್ಸಾಯಿತು, ಹೊಳೆಯ ಚಳಿ ತಡೆಯುವುದಿಲ್ಲ ಎಂದುಕೊಂಡಿದ್ದ. ಕಣ್ಣಿಲ್ಲದವರು ಅಷ್ಟು ದಿನ ಒಬ್ಬರೇ ಹೊಳೆಗೆ ಹೇಗೆ ಹೋಗಿಬರುತ್ತಿದ್ದರು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆಗಲೇ ಕೆಂಚಜ್ಜನನ್ನು ಹುಡುಕಿಕೊಂಡು ಹೊರಟ. ಹೊಳೆ ಹರಿಯುವ ದಿಕ್ಕಿನ ಮೂರನೆಯ ಊರಿನಲ್ಲಿ, ಮಗಳ ಮನೆಯ ಜಗಲಿಯ ಮೇಲೆ, ಅಜ್ಜ ಬಿಸಿಲು ಕಾಸಿಕೊಳ್ಳುತ್ತ ಕೂತಿದ್ದ. ಬಲಗೈ ಮಡಿಲಲ್ಲಿ ಬಿದ್ದುಕೊಂಡಿತ್ತು. ಲಕ್ವ ಹೊಡೆದು ನಾಲ್ಕು ತಿಂಗಳಾಯಿತು ಎಂದಳು ಮಗಳು. ಮಾರ್ತಾಂಡ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಅಜ್ಜನೇ ಮೊದಲು ಕೇಳಿದ.

“ಬರವಣಿಗೆ ಮುಗೀತಾ, ಬುದ್ಧಿ?”

ಮಾರನೆಯ ಬೆಳಗ್ಗೆ ಮಾರ್ತಾಂಡ ಬಂಡೆಯ ಪಾಚಿ ಕೆರೆದ. ಮಡಿಸಿಟ್ಟಿದ್ದ ತನ್ನ ಪಂಚೆಯೊಂದನ್ನು ಹೊಳೆಯಲ್ಲಿ ಅದ್ದಿ ಬಡಿಯತೊಡಗಿದ. ಸದ್ದು ಚೆನ್ನಾಗಿಯೇ ಬಂತು. ಎದುರು ದಂಡೆಯಿಂದ ಮಾರ್ದನಿಯೂ ಬಂತು.

ನಾಲ್ಕು ಸಲ ಬಡಿದು ಆಶ್ರಮದ ಕಡೆ ನೋಡಿದ. ಗುರುಗಳು ಬಾಗಿಲಿಗೆ ಬಂದಿದ್ದರು. ಮತ್ತೆ ನಾಲ್ಕು ಸಲ ಬಡಿದು ನೋಡಿದ. ಎರಡು ಮೆಟ್ಟಿಲು ಇಳಿದಿದ್ದರು. ಇನ್ನೊಮ್ಮೆ ಬಡಿದು ನೋಡಿದಾಗ, ಗೋಡೆ ತಡವಿಕೊಂಡು ಒಳಕ್ಕೆ ಹಿಂದಿರುಗುತ್ತಿದ್ದರು.

ಮಾರ್ತಾಂಡ ನೀರು ಸುರಿಸುತ್ತ ಓಡಿಬಂದ.

“ಕೇಳಿಸಲಿಲ್ಲವೇ, ಗುರುಗಳೇ?”

“ಕೇಳಿಸಿತು. ನಡುನಡುವೆ ನಿಂತುಹೋಗುತ್ತಿತ್ತು.” ಗುರುಗಳು ಅವನ ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಮುಟ್ಟಿ ನೋಡಿದರು, ಮೂಸಿಯೂ ನೋಡಿದರು. “ಇದು ಯಾವುದು?”

“ನನ್ನದೇ. ಮೊನ್ನೆ ಒಗೆದಿಟ್ಟದ್ದು.”

“ಒಳಗೆ ನನ್ನ ಕೊಳೆ ಪಂಚೆ ಎರಡಿವೆ. ನಾಳೆ ಅವನ್ನು ತೆಗೆದುಕೊಂಡು ಹೋಗು.”