ಆಚೆಮನೆ ದಿಬ್ಬ

ಹಿಂದೆ ಒಮ್ಮೆ, ನವರಾತ್ರಿ ಕಳೆದ ಮೇಲೆ, ಹೊಯ್ಗೆಕೋಡಿಯಲ್ಲಿ ಸಮುದ್ರ ಮನೆಗಳ ಒಳಗೆ ಬಂತು. ಮಧ್ಯಾಹ್ನ ಬಲೆ ಎಳೆಯಲು ಹೋದ ದೋಣಿಗಳು ತಿರುಗಿ ಬರಲಿಲ್ಲ. ಸಂಜೆಯ ಗಾಳಿಗೆ ಮನೆಗಳ ಮೇಲಿನ ಮಾಡುಗಳು ಹಾರಿದವು. ಬೆಳಗಾದಾಗ ಗೋಡೆಗಳು ನಿಂತಿದ್ದವು, ತೆಂಗಿನಮರಗಳು ಮಲಗಿದ್ದವು. ಸಾವಿಲ್ಲದ ಮನೆ ಊರಲ್ಲಿ ಒಂದೂ ಇರಲಿಲ್ಲ ಎನ್ನುತ್ತಾರೆ. ಗುರಿಕಾರ ನಾರ್ಣ ಮರಕಾಲನ ಹಿರಿಮಗನೂ ಆ ದೋಣಿಗಳಲ್ಲಿ ಇದ್ದ. ಗುರಿಕಾರನೆಂದರೆ ಊರಿನ ಹಿರಿಯ, ಕಟ್ಟುಕಟ್ಟಳೆ ನೋಡಿಕೊಳ್ಳುವವನು.

ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಸಾವಾದ ಮನೆಯವರು ತಮ್ಮ ಒಲೆಗೆ ತಾವೇ ಬೆಂಕಿ ಹಾಕಬಾರದು. ಆಚೆಮನೆಯವರು ಗಂಜಿ ತಂದು ಬಡಿಸಬೇಕು. ಆ ಗಂಜಿ ಉಂಡ ಮೇಲೆಯೇ ಮನೆಯ ಒಲೆ ಮತ್ತೆ ಹತ್ತಬೇಕು. ಒಳ್ಳೆಯ ಕಟ್ಟಳೆಯೇ. ಆದರೆ ಈಗ ಆಚೆಮನೆಯಲ್ಲೂ ಸಾವು, ಅದರಾಚೆಯ ಮನೆಯಲ್ಲೂ ಸಾವು. ಪ್ರತಿಯೊಬ್ಬರೂ ಮತ್ತೊಬ್ಬರ ಗಂಜಿಗೆ ಕಾದರು. ಗುರಿಕಾರನ ಅಟ್ಟದಲ್ಲಿ ಅಕ್ಕಿ ನೆನೆಯದೆ ಉಳಿದಿತ್ತು. ಅವನು ಅದನ್ನು ಎಲ್ಲರಿಗೂ ಹಂಚಿದ. ಬೇಯಿಸುವವರು ಇರಲಿಲ್ಲ. ಮೊದಲು ಒಲೆ ಹಚ್ಚಿದವನು ಸತ್ತವರನ್ನು ಸಮುದ್ರಕ್ಕೇ ಬಿಟ್ಟುಕೊಟ್ಟಂತೆ ಎಂದು ಅವನು ನಂಬಿದ್ದ. ಮಗನ ಹೆಣ ಇನ್ನೂ ದಡಕ್ಕೆ ಬಂದಿರಲಿಲ್ಲ. ಮಕ್ಕಳು ಬಿದ್ದ ತೆಂಗಿನಕಾಯಿಯ ತಿರುಳು ಅಗಿದವು. ಮುತ್ತು ಎಂಬ ಬಾಣಂತಿಯ ಎದೆಹಾಲು ಬತ್ತಿತು. ಕೂಸು ಮೊದಲು ಅತ್ತಿತು, ಆಮೇಲೆ ಅಳುವುದನ್ನೂ ಬಿಟ್ಟಿತು.

ಆಗ ಮೂಡಲಿನ ದಾರಿಯಿಂದ ಅಕ್ಕಣಿ ಬಂದಳು. ಕುಂಬಾರರ ಹೆಂಗಸು, ಗಂಡ ಸತ್ತವಳು. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಮಡಕೆ ಹೊತ್ತು ತಂದು ಒಣಮೀನಿಗೆ ಬದಲು ಕೊಟ್ಟು ಹೋಗುವವಳು. ಕೂಸನ್ನು ನೋಡಿದಳು. ಅಕ್ಕಿ ಇದೆಯೇ ಎಂದು ಕೇಳಿದಳು. ಇದೆ ಎಂದರು. ಮತ್ತೇಕೆ ಬೇಯಿಸಿಲ್ಲ ಎಂದಾಗ ಎಲ್ಲರೂ ಗುರಿಕಾರನ ಮುಖ ನೋಡಿದರು.

"ಮಡಕೆ ಮಾರುಕೆ ಬಂದದ್ದಲ್ದಾ ನೀನು? ಮಾರಿ ಹೋಗು," ಎಂದ ನಾರ್ಣ.

"ಹೊಟ್ಟೆಗಿಲ್ದವ್ರು ಮಡಕೆ ತಕಂಡು ತಲೆಗೆ ಹಾಕ್ಕಂತ್ರಾ, ಗುರಿಕಾರ್ರೆ?" ಎಂದಳು ಅಕ್ಕಣಿ.

ಕೇರಿಯ ನಡುವೆ ಒಂದು ಮರಳ ದಿಬ್ಬ ಇತ್ತು. ಅಲ್ಲಿ ಯಾರ ಮನೆಯೂ ಇರಲಿಲ್ಲ. ಅಕ್ಕಣಿ ಮೂರು ಕಲ್ಲು ಹೂಡಿ, ಮುರಿದ ದೋಣಿಯ ಹಲಗೆ ಉರಿಸಿ, ಮಾರಲು ತಂದ ಮಡಕೆಗಳಲ್ಲೇ ದೊಡ್ಡದನ್ನು ಏರಿಸಿದಳು. ನಾರ್ಣ ದಿಬ್ಬ ಹತ್ತಿ ಬಂದ. ಪರವೂರಿನವಳ ಗಂಜಿ ಆಚೆಮನೆಯ ಗಂಜಿಯಾಗದು ಎಂದ. ಅಕ್ಕಣಿ ಸೌಟು ಕೆಳಗಿಡಲಿಲ್ಲ.

"ನಿಮ್ಮನೆ ಬಾಗಿಲಲ್ಲಿ ನಿಂತ್ರೆ ಈ ಹೊಗೆ ಕಣ್ಣಿಗೆ ಕಾಂತಿತ್ತಾ?"

"ಕಾಂತಿತ್ತ್."

"ಹಾಂಗಾರೆ ನಾನ್ ಆಚೆಮನೆಯಳ್."

ನಾರ್ಣ ಒಮ್ಮೆ ಸಮುದ್ರದ ಕಡೆ ತಿರುಗಿ ನೋಡಿದ. ಆಮೇಲೆ ಕೂತು ಗಂಜಿಗೆ ಕೈಯೊಡ್ಡಿದ. ಅವನು ಉಂಡದ್ದನ್ನು ಕಂಡು ಊರು ಉಂಡಿತು. ಮುತ್ತುವಿನ ಕೂಸು ಬದುಕಿತು. ಅಕ್ಕಣಿ ಮರುದಿನ ಹೊರಡುವವಳಿದ್ದಳು. ಆಡಿದ ಮಾತು ಅವಳನ್ನು ಬಿಡಲಿಲ್ಲ. ಎದ್ದು ಹೋಗುವವಳು ಆಚೆಮನೆಯವಳಾಗುವುದಿಲ್ಲ. ದಿಬ್ಬದ ಮೇಲೆ ತೆಂಗಿನ ಮಡಲಿನ ಗುಡಿಸಲು ಕಟ್ಟಿಕೊಂಡು ಉಳಿದಳು. ಮಡಕೆ ಮಾಡಲು ಅಲ್ಲಿ ಮಣ್ಣಿಲ್ಲ, ಬರೀ ಮರಳು. ಅವಳು ಮೀನು ಒಣಗಿಸುವುದನ್ನು ಕಲಿತಳು.

ಮುಂದಿನ ಬೇಸಿಗೆಯ ಕೊನೆಗೆ ಇನ್ನೊಂದು ಗಾಳಿ ಎದ್ದಿತು. ಈ ಸಲ ಊರಿಗೆ ಬುದ್ಧಿ ಬಂದಿತ್ತು. ಆಕಾಶ ಕಪ್ಪಾದದ್ದು ಕಂಡೊಡನೆ ಎಲ್ಲರೂ ಮೂಡಲಿನ ಗುಡ್ಡಕ್ಕೆ ಓಡಿದರು. ಒಲೆಯ ಕೆಂಡಕ್ಕೆ ಮಡಕೆ ಕವುಚಿ ಬರುತ್ತೇನೆಂದು ಅಕ್ಕಣಿ ಹಿಂದೆ ಉಳಿದಳು. ಬರಲಿಲ್ಲ. ಗಾಳಿ ನಿಂತು ಜನ ಇಳಿದಾಗ ಗುಡಿಸಲು ಇರಲಿಲ್ಲ, ಅವಳೂ ಇರಲಿಲ್ಲ.

ಊರಿನ ಯಾವ ಮನೆಯಲ್ಲೂ ಸಾವಾಗಿರಲಿಲ್ಲ. ಕಟ್ಟಳೆಯಂತೆ ಎಲ್ಲರೂ ಒಲೆ ಹಚ್ಚಬಹುದಿತ್ತು. ನಾರ್ಣನ ಹೆಂಡತಿ ಬೆಂಕಿ ಹಾಕಲೇ ಎಂದು ಕೇಳಿದಳು. "ಬೇಡ," ಎಂದ ಅವನು. "ನಮ್ಮನೆಯಳೇ ಹೋದದ್ದಲ್ದಾ?" ಈ ಮಾತು ಕೇರಿಗೆ ಮುಟ್ಟುವ ಮುಂಚೆಯೇ ಉಳಿದ ಮನೆಗಳೂ ಹಾಗೆಯೇ ಕೂತಿದ್ದವು. ಒಂದು ಮನೆಯಿಂದಲೂ ಹೊಗೆ ಏಳಲಿಲ್ಲ. ಹೊಳೆಯಾಚೆಯ ಊರಿನವರು ಅದನ್ನು ಕಂಡು, ಸಂಜೆಗೆ ದೋಣಿಯಲ್ಲಿ ಗಂಜಿ ತಂದರು. ಅಕ್ಕಣಿಯ ಮೂರು ಕಲ್ಲುಗಳ ಬಳಿ ಕೂತು ಊರು ಉಂಡಿತು.

ಹೋದ ವರ್ಷದ ಚಂಡಮಾರುತದ ಮೇಲೆ ನೆರವು ಹಿಡಿದು ಬಂದವರು ಕೇಳುತ್ತಿದ್ದರು, ಮನೆಯಲ್ಲಿ ಗ್ಯಾಸ್ ಇದ್ದೂ ಮರಳಲ್ಲಿ ಅಡುಗೆ ಏಕೆಂದು. ಇನ್ನೂ ಅರ್ಧ ಮಾಡುಗಳ ಮೇಲೆ ನೀಲಿ ತಾಡಪಾಲು ಇದೆ. ಅಂದಿನಿಂದ ಗಾಳಿ ನಿಂತ ಮೇಲೆ ಊರಿನ ಮೊದಲ ಗಂಜಿ ಬೇಯುವುದು ಆಚೆಮನೆಯಲ್ಲಿ. ಹಾಗೆಂದು ದಾರಿ ತೋರಿಸಿದರೆ, ಬಂದವರು ಹೋಗಿ ಮನೆ ಹುಡುಕುತ್ತಾರೆ. ದಿಬ್ಬದ ಮೇಲೆ ಮೂರು ಕರಿ ಹಿಡಿದ ಕಲ್ಲುಗಳಿವೆ. ಮನೆ ಇಲ್ಲ.