ಮರದ ಗ ಮತ್ತು ಅದರ ತುದಿ

"ನಾ ಹೋದರ ನಮ್ಮಕ್ಕಗ ದೊಡ್ಡ ಅಕ್ಷರದಾಗ ತಿಳಸ್ರಿ. ಆಕಿ ಕಣ್ಣು ಮಂದ ಅದಾವು. ಮಂದಿ ಕಡಿಂದ ಓದಿಸಿಕೊಳ್ಳೂದು ಬ್ಯಾಡ," ಅಂದಳು ನನ್ನ ಹೆಂಡತಿ ಗಂಗವ್ವ. ಅದೇ ಅವಳ ಕೊನೆಯ ಮಾತು.

ನಾನು ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಅವಳು ತೀರಿಕೊಂಡ ಮೂರನೇ ದಿನ, ನಾಟಕದ ಜಾಹೀರಾತಿಗೆ ಇಟ್ಟಿದ್ದ ಮರದ ದಪ್ಪಕ್ಷರಗಳನ್ನು ಇಳಿಸಿದೆ. ಗ ಇದ್ದದ್ದು ಒಂದೇ. ಅವಳ ಹೆಸರಿಗೆ ಎರಡು ಬೇಕು. ಅದನ್ನೇ ಎರಡು ಸಲ ಒತ್ತಬೇಕು. ಗ ಅಕ್ಷರದ ಹೊಟ್ಟೆ ದಪ್ಪ. ತಲೆಕಟ್ಟಿನ ತುದಿ ಮಾತ್ರ ಬಹಳ ಸಣ್ಣದು, ಆಗಲೇ ಬಿರುಕು ಬಿಟ್ಟಿತ್ತು.

ಹೊಟ್ಟೆ ತುದಿಗೆ ಹೇಳಿತು: "ಎರಡನೇ ಸಲಕ್ಕೆ ನೀನು ಮುರಿಯುತ್ತೀಯೆ. ನೀನಿಲ್ಲದೆ ನಾನು ಬರೀ ಕಟ್ಟಿಗೆ ತುಂಡು. ಆಮೇಲೆ ಯಾವ ನಾಟಕದವರು ನನ್ನನ್ನು ಕೇಳುತ್ತಾರೆ?"

"ನನಗೂ ಹೆದರಿಕೆಯಿದೆ," ಎಂದಿತು ತುದಿ.

"ಹಾಗಾದರೆ ಒಲ್ಲೆ ಅನ್ನು. ಸೀಸದ ಸಣ್ಣ ಮೊಳೆಗಳು ಬೇಕಾದಷ್ಟಿವೆ."

"ಅವನ್ನು ಆಕೆಯ ಅಕ್ಕ ಓದಲಾರಳು."

"ಸಾವಿನ ಕಾಗದವನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಓದಿದ ಕೂಡಲೇ ಹರಿದುಹಾಕುತ್ತಾರೆ. ಹರಿಯುವ ಕಾಗದಕ್ಕಾಗಿ ನೀನು ಮುರಿದುಹೋಗುತ್ತೀಯಾ?"



"ಹರಿಯುವ ಮೊದಲು ಓದಬೇಕಲ್ಲ," ಎಂದಿತು ತುದಿ.



ಮರುದಿನ ಬೆಳಿಗ್ಗೆ ನಾನು ಅಚ್ಚಿನ ಯಂತ್ರ ಮುಟ್ಟಲಿಲ್ಲ; ಅದರ ಒತ್ತಡವನ್ನು ಆ ಬಿರುಕು ತಾಳದು. ಗ ಅಕ್ಷರಕ್ಕೆ ಮಸಿ ಹಚ್ಚಿ, ಮೇಲೆ ಕಾಗದ ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿದೆ. ಕಾಗದ ಎತ್ತಿ ನೋಡಿದೆ. ಮರದ ತುದಿ ಮುರಿಯದೆ ಇತ್ತು. ಎರಡನೇ ಸಲಕ್ಕೆ ಮಸಿ ಹಚ್ಚಿದೆ.